ಟೆಂಡರ್ ಸಿಕ್ಕಿದ ಮೇಲೆ ಶುರುವಾಗೋ ಕತೆ



"ಪೌರಕಾರ್ಮಿಕರ ಗುತ್ತಿಗೆ ಪದ್ಧತಿ ರದ್ದಾಗಬೇಕು ಅಂತ ಪುರಸಭೆ ಮುಂದೆ ಕೂತವನು ನೀನು. ಈಗ ಗುತ್ತಿಗೆದಾರರಿಗೇ ತರಬೇತಿ ಕೊಡಿಸ್ಕೊಂಡು ಓಡಾಡ್ತಿದ್ದೀಯಲ್ಲಪ್ಪಾ, ಇದೇನು?" ಅಂತ ಸಂಘಟನೆಯ ಹಿರಿಯರೊಬ್ಬರು ಕೇಳಿದ್ರು. ತಮಾಷೆಗೆ ಕೇಳಿದ್ದಲ್ಲ, ಅವರಿಗೆ ನಿಜಕ್ಕೂ ಬೇಜಾರಾಗಿದೆ. ಬೇರೆಯವರೂ ಇದನ್ನೇ ಬೇರೆ ಬೇರೆ ಮಾತಲ್ಲಿ ಕೇಳಿದ್ದಾರೆ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತಿದ್ದೀನಿ, ಪುರುಸೊತ್ತಾದಾಗ ಓದಿ.

ಮೊದಲು ತರಬೇತಿ ಯಾವುದರದ್ದು ಅಂತ ಹೇಳ್ಬಿಡ್ತೀನಿ. ಇಂಗ್ಲಿಷಲ್ಲಿ ಕಾಂಟ್ರ್ಯಾಕ್ಟ್ ಅಡ್ಮಿನಿಸ್ಟ್ರೇಷನ್ ಅಂಡ್ ಮ್ಯಾನೇಜ್‌ಮೆಂಟ್ ಅಂತಾರೆ. ಟೆಂಡರ್ ಹಾಕೋದು ಹೇಗೆ ಅನ್ನೋದಲ್ಲ ಇದು. ಅದನ್ನ ಕಂಪ್ಯೂಟರ್ ಅಂಗಡಿ ಹುಡುಗನೇ ಡಿಜಿಟಲ್ ಸಹಿ ಹಾಕಿಸಿ ಮಾಡಿಕೊಡ್ತಾನೆ. ಟೆಂಡರ್ ಸಿಕ್ಕಿ, ಕರಾರಿಗೆ ಸಹಿ ಬಿದ್ದ ದಿನದಿಂದ ಹಿಡಿದು ಭದ್ರತಾ ಠೇವಣಿ ವಾಪಸ್ ಕೈಗೆ ಬರೋ ದಿನದವರೆಗೆ ಏನೇನು ಬರೀಬೇಕು, ಯಾವುದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಹಾಕಬಾರದು, ಯಾವ ತಾರೀಕು ದಾಟಿದ್ರೆ ಹಕ್ಕು ಹೋಗುತ್ತೆ, ಇದು ಆ ವಿದ್ಯೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಅಂತ ಒಂದು ವಿಭಾಗ ಇರುತ್ತೆ. ಅಲ್ಲಿ ಕೂತವರು ಒಂದು ಪುಟ್ಟಿ ಕಾಂಕ್ರೀಟನ್ನೂ ಮುಟ್ಟಲ್ಲ, ಬೆಳಗಿಂದ ಸಂಜೆವರೆಗೆ ಕಾಗದ ಬರೀತಾರೆ. ಅವರಿಗೆ ನಗರಗಳಲ್ಲಿ ದುಬಾರಿ ಫೀಸಿನ ಕೋರ್ಸುಗಳಿವೆ. ಸರ್ಕಾರದ ಅಧಿಕಾರಿಗಳಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆ. ನಮ್ಮ ಕಾಲೋನಿಯಿಂದ ಬಂದ ನಾಲ್ಕನೇ ದರ್ಜೆ ಗುತ್ತಿಗೆದಾರನಿಗೆ ಏನಿದೆ? ಒಂದು ಬೈಕು, ಬೈಕಿನ ಬಾಕ್ಸಲ್ಲಿ ಮಡಚಿಟ್ಟ ಕಾರ್ಯಾದೇಶ.

ಮೀಸಲಾತಿ ಇದೆಯಲ್ಲ ಅಂತೀರ. ಇದೆ. ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ತಂದು 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15, ಪರಿಶಿಷ್ಟ ಪಂಗಡಕ್ಕೆ 6.95 ಪರ್ಸೆಂಟು ಅಂತ ಮಾಡಿದ್ರು. 2023ರಲ್ಲಿ ಆ ಮಿತಿ ಒಂದು ಕೋಟಿಗೆ ಏರಿತು. ಇದು ಯಾರೋ ದಾನ ಕೊಟ್ಟಿದ್ದಲ್ಲ, ಹೋರಾಡಿ ಪಡೆದಿದ್ದು. ಇದರ ಬೇರು ಎಷ್ಟು ಹಿಂದಕ್ಕೆ ಹೋಗುತ್ತೆ ಅಂದ್ರೆ, 1942ರ ಅಕ್ಟೋಬರಿನಲ್ಲಿ ಬಾಬಾಸಾಹೇಬರು ವೈಸರಾಯ್ ಲಿನ್‌ಲಿತ್‌ಗೋಗೆ ಕೊಟ್ಟ ಮನವಿಯವರೆಗೆ. ಪರಿಶಿಷ್ಟರ ಕುಂದುಕೊರತೆಗಳ ಮನವಿ ಅದು. ನೌಕರಿ, ಶಿಕ್ಷಣ ಎಲ್ಲದರ ಜೊತೆ ಸರ್ಕಾರಿ ಗುತ್ತಿಗೆಯ ವಿಷಯವೂ ಅದರಲ್ಲಿತ್ತು. ಕೇಂದ್ರ ಲೋಕೋಪಯೋಗಿ ಇಲಾಖೆಯ ಪಟ್ಟಿಯಲ್ಲಿದ್ದ ಸಾವಿರಕ್ಕೂ ಹೆಚ್ಚು ಗುತ್ತಿಗೆದಾರರಲ್ಲಿ ಪರಿಶಿಷ್ಟ ಜಾತಿಯವರು ಒಬ್ಬರೇ ಒಬ್ಬರು ಅಂತ ಅವರು ಎಣಿಸಿ ತೋರಿಸಿದ್ರು. ಗುತ್ತಿಗೆ ಅನ್ನೋದು ದುಡ್ಡಿನವರ ವ್ಯವಹಾರ, ನಮಗ್ಯಾಕೆ ಅಂತ ಅವರು ಬಿಟ್ಟಿರಲಿಲ್ಲ ಅನ್ನೋದನ್ನ ನಮ್ಮಲ್ಲಿ ಕೆಲವರು ನೆನಪಿಟ್ಟುಕೊಳ್ಳಬೇಕು.

ಆದ್ರೆ ಮೀಸಲಾತಿ ಕೊಡೋದು ಕೆಲಸ ಸಿಗೋ ತನಕ ಮಾತ್ರ. ಆಮೇಲಿಂದು ಏನಾಗ್ತಿದೆ ನೋಡಿ.

ನಮ್ಮ ಚಿಕ್ಕಪ್ಪ ಒಬ್ಬರ ಹೆಸರಲ್ಲಿ ಲೈಸೆನ್ಸ್ ಇತ್ತು. ಮೀಸಲು ಕಾಮಗಾರಿಗೆ ಅವರ ಹೆಸರು, ಕೆಲಸ ಮಾಡಿದವರು ಊರಿನ ದೊಡ್ಡ ಮನೆಯವರು. ಚಿಕ್ಕಪ್ಪನಿಗೆ ಎರಡು ಪರ್ಸೆಂಟು. ಖಾಲಿ ಚೆಕ್ಕಿಗೆ ಸಹಿ, ಡಿಜಿಟಲ್ ಸಹಿಯ ಪೆನ್‌ಡ್ರೈವ್ ಅವರ ಮನೆ ಬೀರುವಿನಲ್ಲಿ. ಒಂದೂವರೆ ವರ್ಷ ಆದ್ಮೇಲೆ ಕಾಂಕ್ರೀಟ್ ರಸ್ತೆ ಬಿರುಕು ಬಿಡ್ತು. ದೋಷ ಹೊಣೆ ಅವಧಿ ಇನ್ನೂ ಮುಗಿದಿರಲಿಲ್ಲ, ರಿಪೇರಿ ಮಾಡಿಕೊಡಿ ಅಂತ ನೋಟಿಸ್ ಬಂದಿದ್ದು ಚಿಕ್ಕಪ್ಪನಿಗೆ. ಅದರ ಹಿಂದೆಯೇ ಜಿಎಸ್‌ಟಿ ನೋಟಿಸು, ಅದೂ ಅವರಿಗೇ. ಅಷ್ಟೂ ವಹಿವಾಟು ಕಾಗದದ ಮೇಲೆ ಇವರದ್ದೇ ಅಲ್ವಾ? ಆ ಮನೆಯವರು "ನೋಡೋಣ ತಡಿಯೋ" ಅಂದ್ರು. ಇವತ್ತಿಗೂ ನೋಡ್ತಾನೇ ಇದ್ದಾರೆ. ಇಂಥ ಕತೆ ನಿಮ್ಮ ತಾಲೂಕಿನಲ್ಲೂ ಇರುತ್ತೆ. ಲೈಸೆನ್ಸ್ ಬಾಡಿಗೆಗೆ ಕೊಡೋರನ್ನ ಬೈಯೋದು ಸುಲಭ. ಯಾಕೆ ಕೊಡ್ತಾರೆ ಅಂತ ಕೇಳಿದ್ರೆ ಎರಡು ಉತ್ತರ ಬರುತ್ತೆ: ಹಾಕೋಕೆ ಬಂಡವಾಳ ಇಲ್ಲ, ಆಫೀಸಿನ ವ್ಯವಹಾರ ನಮಗಾಗಲ್ಲ. ಮೊದಲನೆಯದಕ್ಕೆ ಬ್ಯಾಂಕ್ ಬೇಕು. ಎರಡನೆಯದಕ್ಕೆ ನಾವು ಏನಾದ್ರೂ ಮಾಡಬಹುದು ಅನ್ನಿಸಿ ಈ ತರಬೇತಿ ಶುರು ಮಾಡಿದ್ವಿ.

ಮೂರು ದಿನದ ಶಿಬಿರ. ಪಾಠ ಮಾಡಿದವರು ನಿವೃತ್ತ ಇಂಜಿನಿಯರ್ ಒಬ್ಬರು, ನಮ್ಮವರೇ. ಅವರ ಪಾಠದಲ್ಲಿ ನನ್ನ ತಲೆಯಲ್ಲಿ ಉಳಿದಿದ್ದು ಕಾನೂನಿನ ಕಲಂಗಳಿಗಿಂತ ಒಂದು ಕಾಗದ ಬರೆಯೋ ಅಭ್ಯಾಸ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು.

ಸನ್ನಿವೇಶ ಇಷ್ಟೇ. ರಸ್ತೆ ಕೆಲಸ ಸಿಕ್ಕಿದೆ, ಮುಗಿಸೋಕೆ ನಾಲ್ಕು ತಿಂಗಳು ಅವಧಿ. ಸೈಟಿಗೆ ಹೋದ್ರೆ ರಸ್ತೆ ಮಧ್ಯ ಎರಡು ಕರೆಂಟ್ ಕಂಬ. ಅದನ್ನ ತೆಗೆಸಿಕೊಡಬೇಕಾದ್ದು ಇಲಾಖೆ. ತೆಗೆಸ್ತಿಲ್ಲ, ದಿನ ಹೋಗ್ತಿದೆ. ಈಗ ಇಲಾಖೆಗೆ ಒಂದು ಕಾಗದ ಬರೀರಿ ಅಂತ ಎಲ್ಲರಿಗೂ ಒಂದೊಂದು ಹಾಳೆ ಕೊಟ್ರು. ಅರ್ಧ ಗಂಟೆ ಆದ್ಮೇಲೆ ಒಟ್ಟುಮಾಡಿ ಓದಿದ್ರು.

ಹೆಚ್ಚುಕಮ್ಮಿ ಎಲ್ಲ ಕಾಗದವೂ ಒಂದೇ ಥರ. "ಮಾನ್ಯರಲ್ಲಿ ನನ್ನ ಮನವಿ ಏನೆಂದರೆ, ನಾನು ಬಡ ಪರಿಶಿಷ್ಟ ಜಾತಿಯ ಗುತ್ತಿಗೆದಾರನಾಗಿದ್ದು, ತಾವು ದಯಮಾಡಿ ಕೃಪೆ ತೋರಿ ಕಂಬಗಳನ್ನು ತೆರವು ಮಾಡಿಸಿಕೊಡಬೇಕಾಗಿ ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುತ್ತೇನೆ." ಒಬ್ಬರು ಕೊನೆಗೆ "ತಮ್ಮ ನಂಬಿಕಸ್ಥ" ಅಂತ ಬರೆದಿದ್ರು. ಕಂಬ ಎಷ್ಟು, ಯಾವ ಜಾಗದಲ್ಲಿವೆ, ಕಾರ್ಯಾದೇಶದ ನಂಬರ್ ಏನು, ಯಾವತ್ತಿಂದ ಕೆಲಸ ನಿಂತಿದೆ, ಯಾರ ಕಾಗದದಲ್ಲೂ ಪೂರ್ತಿ ಇರಲಿಲ್ಲ.

ಸಾರ್ ಬೋರ್ಡಿನ ಮೇಲೆ ಇನ್ನೊಂದು ಕಾಗದ ಬರೆದ್ರು. ಕಾರ್ಯಾದೇಶದ ಸಂಖ್ಯೆ, ದಿನಾಂಕ. ಇಂಥ ತಾರೀಕಿನಂದು ಸೈಟಿಗೆ ಹೋದಾಗ ಇಷ್ಟು ಮೀಟರ್ ದೂರದಲ್ಲಿ ಎರಡು ಕಂಬ ಕಂಡುಬಂದಿವೆ. ಅವುಗಳಿಂದ ಇಷ್ಟು ಉದ್ದದ ಕೆಲಸ ನಿಂತಿದೆ. ಕಂಬ ತೆರವಾಗುವವರೆಗಿನ ದಿನಗಳನ್ನು ಕರಾರಿನ ಅವಧಿಗೆ ಸೇರಿಸಬೇಕು. ಈ ಮೂಲಕ ತಿಳಿಯಪಡಿಸಿದೆ. ಇಷ್ಟೇ, ಐದು ಸಾಲು.

ಹಿಂದಿನ ಸಾಲಿನಲ್ಲಿದ್ದ ಹುಡುಗ ಎದ್ದುನಿಂತು ಕೇಳ್ದ, "ಸಾರ್, ಬೇಡಿಕೊಳ್ಳುತ್ತೇನೆ ಅನ್ನೋದನ್ನ ತೆಗೆದ್ರೆ ಸಾಹೇಬ್ರಿಗೆ ಸಿಟ್ಟು ಬರಲ್ವಾ? ಇವನಿಗೆಷ್ಟು ಕೊಬ್ಬು ಅನ್ನಲ್ವಾ?"

ಯಾರೂ ನಗಲಿಲ್ಲ. ಯಾಕಂದ್ರೆ ಎಲ್ಲರಿಗೂ ಅದೇ ಭಯ.

ಗೆಳೆಯರೇ, ಇದು ಬರವಣಿಗೆಯ ಸಮಸ್ಯೆ ಅಲ್ಲ. ಬೇರೆ ಜಾತಿ ಗುತ್ತಿಗೆದಾರ ಆಫೀಸಿಗೆ ಹೋದ್ರೆ ಕುರ್ಚಿ ಎಳ್ಕೊಂಡು ಕೂರ್ತಾನೆ, ಅವನು ಕಾಗದ ಕೊಟ್ರೆ ಅದು ವ್ಯವಹಾರ. ನಮ್ಮವನು ಅದೇ ಕಾಗದ ಕೊಟ್ರೆ ಅದು ತಲೆಹರಟೆ. ನಮ್ಮ ಅಜ್ಜಂದಿರಿಗೂ ಕರಾರು ಗೊತ್ತಿತ್ತು. ಜೀತಕ್ಕೂ ಕಾಗದ ಇರ್ತಿತ್ತು, ಅದರ ಮೇಲೆ ಹೆಬ್ಬೆಟ್ಟು ಇವರದ್ದು, ಬರಹ ಅವರದ್ದು. 1976ರ ಜೀತ ನಿರ್ಮೂಲನೆ ಕಾಯ್ದೆ ಅಂಥ ಕರಾರುಗಳನ್ನೆಲ್ಲ ಅಸಿಂಧು ಮಾಡ್ತು. ಆದ್ರೆ ಕಾಗದದ ಆ ಕಡೆ ಇರೋರು ಧಣಿ, ಈ ಕಡೆ ಇರೋರು ಆಳು ಅನ್ನೋ ಅಭ್ಯಾಸ ಒಂದು ಕಾಯ್ದೆಗೆ ಹೋಗುತ್ತಾ? ಸರ್ಕಾರಿ ಕರಾರಿನಲ್ಲಿ ಎರಡು ಪಕ್ಷ, ಒಂದು ಕಡೆ ಕಾರ್ಯಪಾಲಕ ಇಂಜಿನಿಯರ್, ಇನ್ನೊಂದು ಕಡೆ ನೀವು. ಇಬ್ಬರ ಸಹಿಯೂ ಒಂದೇ ಹಾಳೆ ಮೇಲಿರುತ್ತೆ. ಇದನ್ನ ಸಾರ್ ಹೇಳಿದಾಗ ಕೆಲವರು ತಮ್ಮ ತಮ್ಮ ಕರಾರು ಪತ್ರ ತೆಗೆದು ಕೊನೇ ಪುಟ ನೋಡಿಕೊಂಡ್ರು. ನಾನು ನೂರಾರು ಸಭೆಗಳಲ್ಲಿ ಸಂವಿಧಾನ ಪೀಠಿಕೆ ಓದಿಸಿದ್ದೀನಿ. ಸಮಾನತೆ ಅನ್ನೋ ಪದ ಯಾರದೋ ಮುಖದ ಮೇಲೆ ಹಾಗೆ ಇಳಿದಿದ್ದು ನೋಡಿದ್ದು ಕಮ್ಮಿ.

ಆಮೇಲೆ ಎಲ್ಲರೂ ಮತ್ತೆ ಬರೆದ್ರು. ಮೂರನೇ ಸಲಕ್ಕೆ "ಬೇಡಿಕೊಳ್ಳುತ್ತೇನೆ" ಹೋಗಿ "ತಿಳಿಯಪಡಿಸಿದೆ" ಬಂತು. "ನಂಬಿಕಸ್ಥ" ಅಂತ ಬರೆದಿದ್ದ ಅಣ್ಣ ಮಾತ್ರ "ತಮ್ಮ ವಿಶ್ವಾಸಿ"ಗೆ ಬಂದು ನಿಂತ್ರು. ಇರಲಿ ಬಿಡಿ, ಅದೂ ಒಂದು ದಾರಿ.

ಕಾಗದ ಬರೆದ್ರೆ ಮುಗೀಲಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು ನಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸ್ಕೋಬೇಕು. "ಸಾಹೇಬ್ರನ್ನ ಕೇಳ್ಬೇಕು" ಅಂತಾರೆ. ಆಗ ಜಗಳ ಬೇಡ, ಎದುರಿಗಿರೋ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ಇದನ್ನ ಮಾಡದೇ ಇದ್ರೆ ಏನಾಗುತ್ತೆ? ನಾಲ್ಕು ತಿಂಗಳ ಕೆಲಸ ಏಳು ತಿಂಗಳಾಗುತ್ತೆ, ತಡ ಮಾಡಿದ್ದಕ್ಕೆ ದಂಡ ಅಂತ ಬಿಲ್ಲಿನಲ್ಲೇ ಮುರ್ಕೊಳ್ತಾರೆ. ಕಂಬ ಇತ್ತು ಸಾರ್ ಅಂದ್ರೆ, ಎಲ್ಲಿ ಬರೆದು ಕೊಟ್ಟಿದ್ದೀಯಾ ಅಂತಾರೆ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ದಂಡದ ಮೊತ್ತ ಮೇಲ್ಮಿತಿ ಅಷ್ಟೇ, ಸಿಗೋದು ನ್ಯಾಯಯುತವಾದ ಪರಿಹಾರ ಮಾತ್ರ. ಇದೆಲ್ಲ ವಾದ ಮಾಡೋಕೆ ಚೆನ್ನಾಗಿದೆ, ಕೈಯಲ್ಲಿ ಆ ಐದು ಸಾಲಿನ ಕಾಗದ ಇದ್ರೆ.

ಎರಡನೇ ದಿನ ಎಂ.ಬಿ., ಅಂದ್ರೆ ಅಳತೆ ಪುಸ್ತಕ. ಸರ್ಕಾರಿ ಕೆಲಸದಲ್ಲಿ ನೀವು ಏನು ಕಟ್ಟಿದ್ರಿ ಅನ್ನೋದಕ್ಕಿಂತ ಜೆ.ಇ. ಅದರಲ್ಲಿ ಏನು ಬರೆದ್ರು ಅನ್ನೋದಕ್ಕೆ ದುಡ್ಡು ಬರೋದು. ಉದಾಹರಣೆಗೆ 100 ಮೀಟರ್ ಚರಂಡಿ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳ ಅಗೆದ್ರಿ ಅಂದ್ಕೊಳ್ಳಿ. 100 ಘನ ಮೀಟರ್ ಆಯ್ತು. ಅದರಲ್ಲಿ 40 ಘನ ಮೀಟರ್ ಬಂಡೆ ಸಿಕ್ತು, ಕಂಪ್ರೆಸರ್ ಬಾಡಿಗೆಗೆ ತಂದು ಒಡೆಸಿದ್ರಿ. ಮಣ್ಣು ಅಗೆಯೋದಕ್ಕೊಂದು ದರ, ಬಂಡೆಗೆ ಅದಕ್ಕಿಂತ ಬಹಳ ಜಾಸ್ತಿ ದರ. ಎಂ.ಬಿ.ಯಲ್ಲಿ ಮಾತ್ರ ಅಷ್ಟಕ್ಕೂ ಮಣ್ಣು ಅಂತ ಬರೆದಿದೆ. ಆ ಹೊತ್ತಿಗೆ ಚರಂಡಿ ಮೇಲೆ ಕಾಂಕ್ರೀಟ್ ಬಿದ್ದಾಗಿದೆ. ಬಂಡೆ ಎಲ್ಲಿ ತೋರಿಸ್ತೀರ? ಅದಕ್ಕೆ ಮುಚ್ಚಿಹೋಗೋ ಯಾವ ಕೆಲಸವನ್ನೂ ಅಳತೆ ಹಿಡಿಸದೆ ಮುಚ್ಚಬಾರದು, ಟೇಪ್ ಇಟ್ಟು ಫೋಟೋ ತೆಗೀಬೇಕು, ಅಳತೆಗೆ ಬನ್ನಿ ಅಂತ ಮೊದಲೇ ಬರೆದು ಕೊಡಬೇಕು, ಎಂ.ಬಿ.ಗೆ ಸಹಿ ಹಾಕೋ ಮುಂಚೆ ಓದಬೇಕು. ಒಪ್ಪಿಗೆ ಇಲ್ಲದಿದ್ರೆ ಸಹಿ ಪಕ್ಕದಲ್ಲೇ "ತಕರಾರಿನೊಂದಿಗೆ" ಅಂತ ಬರೀಬೇಕು. ಆ ಒಂದು ಪದಕ್ಕೆ ಎಷ್ಟು ಬೆಲೆ ಅಂತ ಶಿಬಿರದಲ್ಲಿ ಕೂತಿದ್ದ ಒಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕೊನೇ ಬಿಲ್ಲಿಗೆ ಮೊದಲು "ಇನ್ನು ಯಾವ ಬಾಕಿಯೂ ಇಲ್ಲ" ಅನ್ನೋ ಕಾಗದಕ್ಕೆ ಸಹಿ ಹಾಕಿಸ್ಕೊಂಡಿದ್ರಂತೆ.

ಇನ್ನೊಂದು ರೋಗ ಬಾಯಿಮಾತಿನದ್ದು. "ಅಲ್ಲೊಂದು ಹತ್ತು ಮೀಟರ್ ಜಾಸ್ತಿ ಹಾಕ್ಬಿಡಪ್ಪಾ, ಎಮ್ಮೆಲ್ಲೆ ಹೇಳಿದ್ದಾರೆ, ಆಮೇಲೆ ಸೇರಿಸ್ಕೊಡ್ತೀನಿ." ಹಾಕಿದ್ ಮೇಲೆ ಆ ಅಧಿಕಾರಿ ವರ್ಗ ಆಗಿರ್ತಾರೆ. ಕಾನೂನು ಇಲ್ಲಿ ಪೂರ್ತಿ ಕೈಬಿಟ್ಟಿಲ್ಲ. ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ನಡುವಿನ ಪ್ರಕರಣದಲ್ಲಿ, ವಿಧಿಬದ್ಧ ಕರಾರು ಇಲ್ಲದಿದ್ರೂ ಸರ್ಕಾರ ಕೆಲಸದ ಲಾಭ ಪಡೆದಿದ್ರೆ ಕರಾರು ಕಾಯ್ದೆಯ 70ನೇ ಕಲಂ ಪ್ರಕಾರ ದುಡ್ಡು ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ ಅಲ್ಲಿ ಕೆಲಸ ನಡೆದಿದ್ದು ಬ್ರಿಟಿಷರ ಕಾಲದಲ್ಲಿ, ತೀರ್ಪು ಬಂದಿದ್ದು ನೆಹರೂ ಕಾಲದಲ್ಲಿ. ನಮ್ಮ ನಾಲ್ಕನೇ ದರ್ಜೆಯವರು ಅಷ್ಟು ವರ್ಷ ಬಡ್ಡಿ ಕಟ್ಟಿ ಬದುಕಿರ್ತಾರಾ? ಸಂಜೆ ಮನೆಗೆ ಬಂದು "ತಾವು ಇಂದು ಸೂಚಿಸಿದಂತೆ" ಅಂತ ಒಂದು ಕಾಗದ ಕಳಿಸೋದು ವಾಸಿ. ಹಾಗೇ ಇನ್ನೊಂದು ಮಾತು: ಕೆಲಸದ ಬಾಕಿಗೆ ದಾವೆ ಹಾಕೋಕೆ ಇರೋದು ಕೆಲಸ ಮುಗಿದು ಮೂರು ವರ್ಷ. ಸರ್ಕಾರದ ಮೇಲಾದ್ರೆ ಮೊದಲು ಎರಡು ತಿಂಗಳ ನೋಟಿಸ್ ಕೊಡ್ಬೇಕು. ಮುಂದಿನ ಬಜೆಟ್‌ನಲ್ಲಿ ಆಗುತ್ತೆ, ಮುಂದಿನ ಮಾರ್ಚಿಗೆ ಆಗುತ್ತೆ ಅಂತ ಕಾದು ಕಾದು ಆ ಮೂರು ವರ್ಷ ದಾಟಿಸಿಕೊಂಡವರು ನನಗೇ ಗೊತ್ತಿದ್ದಾರೆ.

ಈಗ ಹಿರಿಯರ ಪ್ರಶ್ನೆಗೆ ಬರ್ತೀನಿ. ಅದನ್ನ ಶಿಬಿರದಲ್ಲೇ ಒಬ್ಬ ಅಕ್ಕ ಕೇಳಿಬಿಟ್ರು.

ಆಕೆ ಪೌರಕಾರ್ಮಿಕರ ಮಗಳು. ಲೈಸೆನ್ಸ್ ತಗೊಂಡು ಎರಡು ಚರಂಡಿ ಕೆಲಸ ಮಾಡಿದ್ದಾರೆ, ಸ್ವಂತಕ್ಕೆ. ಎಲ್ಲರಿಗಿಂತ ಚೆನ್ನಾಗಿ ದಾಖಲೆ ಇಟ್ಟಿದ್ದವರು ಆಕೆಯೇ. ದಿನಾ ಎಷ್ಟು ಆಳು, ಎಷ್ಟು ಮೂಟೆ ಸಿಮೆಂಟು, ಮಳೆ ಬಂತಾ, ಜೆ.ಇ. ಬಂದಿದ್ರಾ, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ. ಎಲ್ಲಿ ಕಲಿತ್ರಿ ಅಂದ್ರೆ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೀತಿದ್ದೆ ಅಂದ್ರು. ಸಾರ್ ಸೈಟ್ ಡೈರಿ ಅಂತ ಒಂದು ಗಂಟೆ ಪಾಠ ಮಾಡೋದಕ್ಕೆ ತಯಾರಿ ಮಾಡಿಕೊಂಡು ಬಂದಿದ್ರು, ಆಕೆಯ ನೋಟ್‌ಬುಕ್ ಎತ್ತಿ ತೋರಿಸಿ ಹತ್ತು ನಿಮಿಷಕ್ಕೆ ಮುಗಿಸಿದ್ರು.

ಆಕೆ ಕೇಳಿದ್ದು: "ಬಿಲ್ ಆರು ತಿಂಗಳು ಬರಲ್ಲ. ಕೂಲಿ ಸಂತೆ ದಿನ ಕೊಡ್ಲೇಬೇಕು. ಕೆಲಸಕ್ಕೆ ಬರೋರು ನಮ್ಮ ಬೀದಿಯವರೇ, ನಮ್ಮ ದೊಡ್ಡಮ್ಮನ ಮಕ್ಕಳೇ. ನಾನು ಕೊಡಕ್ಕಾಗದಿದ್ರೆ ನೀವು ಸಂಘಟನೆಯೋರು ಯಾರ ಕಡೆ ನಿಲ್ತೀರ?"

ಕೂಲಿಯವರ ಕಡೆ ಅಂದೆ. ನಿಮ್ಮ ಮೇಲೆ ದೂರು ಕೊಡ್ಸೋದಾದ್ರೆ ನಾನೇ ಬರೆದುಕೊಡ್ತೀನಿ ಅಂದೆ. ಆಕೆ ಒಂದು ಗಳಿಗೆ ಸುಮ್ಮನಿದ್ದು, "ಅದು ಸರಿ. ಬರೀವಾಗ ಪುರಸಭೆ ಹೆಸರನ್ನೂ ಸೇರಿಸಿ ಬರೀರಿ ಮತ್ತೆ" ಅಂದ್ರು.

ಆಕೆ ಹೇಳಿದ್ದು ಕಾನೂನಿನ ಮಾತೇ. ಗುತ್ತಿಗೆದಾರ ಕೂಲಿ ಕೊಡದಿದ್ರೆ ಮೂಲ ಮಾಲೀಕ ಕೊಡಬೇಕು, ಕೊಟ್ಟು ಗುತ್ತಿಗೆದಾರನಿಂದ ವಸೂಲಿ ಮಾಡ್ಕೋಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಇದನ್ನೇ ಹೇಳ್ತಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಪುರಸಭೆ ಬಿಲ್ ತಡಮಾಡಿ ಗುತ್ತಿಗೆದಾರನ ಮೇಲೆ ಹಾಕೋದು, ಗುತ್ತಿಗೆದಾರ ಕೂಲಿಯವರ ಮೇಲೆ ಹಾಕೋದು, ಕೊನೆಗೆ ಒಂದೇ ಬೀದಿಯ ಎರಡು ಮನೆ ಮಾತು ಬಿಡೋದು. ನಡೀತಿರೋದು ಇದು.

ಪೌರಕಾರ್ಮಿಕರ ಹೋರಾಟದಲ್ಲಿ ನಮಗೆ ಸಹಾಯ ಆಗಿದ್ದೂ ಕರಾರು ಪತ್ರವೇ. ಒಂದು ಊರಿನಲ್ಲಿ ಮಾಹಿತಿ ಹಕ್ಕಿನಲ್ಲಿ ಸ್ವಚ್ಛತಾ ಗುತ್ತಿಗೆಯ ಕರಾರು ತೆಗೆಸಿ ನೋಡಿದ್ರೆ ಗ್ಲೌಸು, ಬೂಟು, ಪಿ.ಎಫ್., ಇ.ಎಸ್.ಐ. ಎಲ್ಲಾ ಬರೆದಿತ್ತು, ಅದಕ್ಕೆ ದುಡ್ಡೂ ಹೋಗಿತ್ತು. ಬರಿಗೈಲಿ ಕಸ ಎತ್ತುತ್ತಿದ್ದ ಹೆಣ್ಣುಮಕ್ಕಳಿಗೆ ಮಾತ್ರ ಅದು ಗೊತ್ತಿರಲಿಲ್ಲ. ಆವತ್ತು ಆ ಕರಾರನ್ನ ಓದಿದ ವಿದ್ಯೆಯೇ ಇದು. ಈಗ ಅದನ್ನೇ ಇನ್ನೊಂದು ಕಡೆಯಿಂದ ಕಲಿಸ್ತಿದ್ದೀವಿ.

ಹಾಗಂತ ಎಲ್ಲಾ ಗುತ್ತಿಗೆಯೂ ಒಂದೇ ಅಂತ ನಾನು ಹೇಳ್ತಿಲ್ಲ. ಊರು ದಿನಾ ಬೆಳಗಾದ್ರೆ ಗುಡಿಸಲೇಬೇಕು, ಆ ಕೆಲಸಕ್ಕೆ ಕೊನೆ ಇಲ್ಲ. ಅಂಥ ನಿತ್ಯದ ಕೆಲಸಕ್ಕೆ ಗುತ್ತಿಗೆ ಬೇಡ ಅನ್ನೋ ಬೇಡಿಕೆಯಿಂದ ನಾನು ಒಂದು ಹೆಜ್ಜೆಯೂ ಹಿಂದೆ ಬಂದಿಲ್ಲ. ಮಲ ಹೊರಿಸೋ ಕರಾರನ್ನ 2013ರ ಕಾಯ್ದೆಯೇ ಅಸಿಂಧು ಅನ್ನುತ್ತೆ, ಅದರಲ್ಲಿ ನಮ್ಮವರಿಗೆ ಮೀಸಲಾತಿ ಕೊಡ್ತೀನಿ ಅಂದ್ರೂ ಬೇಡ. ಆದ್ರೆ ರಸ್ತೆ, ಶಾಲೆ ಕೊಠಡಿ, ಸಮುದಾಯ ಭವನ ಇವೆಲ್ಲ ಶುರುವಾಗಿ ಮುಗಿಯೋ ಕೆಲಸ. ಇವತ್ತಿಗೂ ಉಪಯೋಜನೆಯ ದುಡ್ಡಿನಲ್ಲಿ ನಮ್ಮ ಕೇರಿಯ ಅಂಬೇಡ್ಕರ್ ಭವನ ಕಟ್ಟೋದು ಯಾರು? ನಮ್ಮವರು ಅಲ್ಲಿ ಮರಳು ಹೊರ್ತಾರೆ.

ಅದಕ್ಕೆ ಮೂರನೇ ದಿನವನ್ನ ಪೂರ್ತಿ ಕಾರ್ಮಿಕರ ವಿಷಯಕ್ಕೇ ಇಟ್ವಿ. ಹಾಜರಿ ಪುಸ್ತಕ, ಕೂಲಿ ವಹಿ, ಅಪಘಾತ ಆದ್ರೆ ಏನು. ಪ್ರತಿ ಬಿಲ್ಲಿನಲ್ಲೂ ಕಟ್ಟಡ ಕಾರ್ಮಿಕರ ಸೆಸ್ ಅಂತ ಒಂದು ಪರ್ಸೆಂಟ್ ಮುರ್ಕೊಳ್ಳೋದು ಎಲ್ಲ ಗುತ್ತಿಗೆದಾರರಿಗೂ ಗೊತ್ತಿತ್ತು. ಆ ದುಡ್ಡು ಹೋಗೋದು ಕಲ್ಯಾಣ ಮಂಡಳಿಗೆ, ಅದರ ಕಾರ್ಡು ಸಿಗಬೇಕಾದ್ರೆ ಕಾರ್ಮಿಕರು 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು, ಅದಕ್ಕೆ ನೀವೇ ಸಹಿ ಹಾಕಿಕೊಡಬಹುದು ಅಂದಾಗ ಹೌದಾ ಅಂದ್ರು. ಅಕ್ಕ ತಮ್ಮ ನೋಟ್‌ಬುಕ್ ತಿರುವಿ ಯಾರ್ಯಾರದ್ದು 90 ದಿನ ಆಗಿದೆ ಅಂತ ಅಲ್ಲೇ ಎಣಿಸೋಕೆ ಕೂತ್ರು.

ತರಬೇತಿಯಿಂದ ಎಲ್ಲಾ ಸರಿಹೋಗುತ್ತೆ ಅಂತ ಯಾರೂ ನಂಬಬೇಡಿ. ಪರ್ಸೆಂಟೇಜ್ ಕೇಳೋರು ಕಾಗದಕ್ಕೆ ಹೆದರಲ್ಲ, ಕೆಲವು ಸಲ ಕಾಗದ ಕೊಟ್ಟವನ ಬಿಲ್ಲೇ ಮೊದಲು ಕೆಳಗೆ ಹೋಗುತ್ತೆ. ಇದನ್ನೂ ಶಿಬಿರದಲ್ಲಿ ಮುಚ್ಚಿಡದೆ ಹೇಳಿದ್ವಿ. ಒಬ್ಬೊಬ್ಬರೇ ಬರೆದ್ರೆ ಏಟು ಬೀಳುತ್ತೆ. ಅದಕ್ಕೆ ತಾಲೂಕಿನಲ್ಲಿರೋ ನಮ್ಮ ಗುತ್ತಿಗೆದಾರರೆಲ್ಲ ಅಳತೆಗೆ ಬನ್ನಿ ಅನ್ನೋ ಕಾಗದವನ್ನ ಒಂದೇ ನಮೂನೆಯಲ್ಲಿ ಕೊಡೋಣ ಅಂತ ಮಾತಾಡಿಕೊಂಡಿದ್ದಾರೆ. ಎಷ್ಟು ಜನ ಉಳ್ಕೋತಾರೋ ನೋಡಬೇಕು.

ಎರಡನೇ ಬ್ಯಾಚು ದೀಪಾವಳಿ ಕಳೆದ ಮೇಲೆ. ಫೀಸಿಲ್ಲ, ಮಧ್ಯಾಹ್ನ ಊಟ ಇದೆ. ಹೆಣ್ಣುಮಕ್ಕಳು ಬಂದ್ರೆ ಮಕ್ಕಳನ್ನ ನೋಡ್ಕೊಳ್ಳೋಕೆ ಜನ ಇದ್ದಾರೆ. ಬರೋವಾಗ ಕಾರ್ಯಾದೇಶ, ಕರಾರು ಪತ್ರದ ಜೆರಾಕ್ಸ್, ಆಗಿರೋ ಬಿಲ್ಲುಗಳು, ಒಂದು ಟೇಪು, ಒಂದು ಉದ್ದದ ನೋಟ್‌ಬುಕ್ ತನ್ನಿ. ನಿಮ್ಮ ಡಿಜಿಟಲ್ ಸಹಿಯ ಪೆನ್‌ಡ್ರೈವ್ ಬೇರೆ ಯಾರದ್ದಾದ್ರೂ ಬೀರುವಿನಲ್ಲಿದ್ರೆ ಮೊದಲು ಅದನ್ನ ಈಸ್ಕೊಂಡು ಬನ್ನಿ. ಕೇಳೋಕೆ ಒಬ್ಬರೇ ಹೋಗೋದು ಕಷ್ಟ ಅನ್ನಿಸಿದ್ರೆ ಇನ್‌ಬಾಕ್ಸಿಗೆ ಬನ್ನಿ, ಜೊತೆಗೆ ನಾವು ನಾಲ್ಕು ಜನ ಬರ್ತೀವಿ.

ಜೈಭೀಮ್.